ಅರಬ್ಬೀ ಲಿಪಿಯೂ ನಮ್ಮ ಪಾಠಶಾಲೆಗಳೂ

೧

ಸೂಲಿಬೆಲೆ ಹೋಬಳಿಯ ರೈತನು ತನ್ನ ಹಿಡುವಳಿಯ ವಿಷಯವನ್ನು ಹೇಳಹೊರಟರೆ, ಇಷ್ಟು ಖುಷ್ಕಿ, ಇಷ್ಟು ತರಿ, ಇಷ್ಟು ಬಾಗಾಯ್ತು, ಇಷ್ಟು ಖರಾಬು ಎಂದು ಎಣಿಸುತ್ತಾನೆ. ಕಂದಾಯ ವಸೂಲಾದುದು, ಬಾಕಿ ನಿಂತುದು, ದಾಖಲೆಯ ಅಂಚಿನಲ್ಲಿ ಬರೆದ ಷರಾ, ಅದರ ಕೆಳಗೆ ಬಿದ್ದ ರುಜು, ಇವೆಲ್ಲವೂ ಅವನ ಬಾಯಲ್ಲಿ ಕನ್ನಡದ ಮಾತುಗಳೇ ಆಗಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ಅರಬ್ಬಿಯಿಂದಾಗಲಿ ಫಾರ್ಸಿಯಿಂದಾಗಲಿ ಬಂದುವು. ಕಾಯಿದೆಯ ಪುಸ್ತಕದಲ್ಲಿ ವಿಧಿಯನ್ನು ಹೆಸರಿಸಲು ನಾವು ಬಳಸುವ ‘ಕಲಂ’ ಎಂಬ ಶಬ್ದವು ಅರಬ್ಬಿಯಲ್ಲಿ ಲೇಖನಿಯ ಹೆಸರು. ಅದನ್ನು ಬರೆಯುವ ಕಾಗದದ ಹೆಸರೂ ಫಾರ್ಸಿಯದೇ.

ಈ ಮಾತುಗಳು ಇಲ್ಲಿ ನೆಲೆಸಿದ ಬಗೆಯು ಇತಿಹಾಸವನ್ನು ಬಲ್ಲವರಿಗೆ ವಿದಿತವಾಗಿಯೇ ಇದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಬಿಜಾಪುರದ ಸೇನೆಯು ಈ ಸೀಮೆಯನ್ನು ಗೆದ್ದ ಬಳಿಕ ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ ಮೊದಲಾದುವು ಷಾಹಜಿಯ ಜಹಗೀರಿಗೆ ಸೇರಿದುವು. ೧೬೮೬ರಲ್ಲಿ ಬಿಜಾಪುರವು ಬಿದ್ದ ಮೇಲೆ ಮೊಗಲರು ೧೬೮೭ರಲ್ಲಿ ಶಿರಾ ಎಂಬ ಸುಬೆಯನ್ನೇರ್ಪಡಿಸಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದರೊಳಗಿದ್ದುವು. ಸೂಲಿಬೆಲೆಯನ್ನೊಳಗೊಂಡ ತಾಲ್ಲೂಕಿಗೆ ಹೆಸರನ್ನು ಕೊಟ್ಟ ಊರು ಹೀಗೆ ಒಂದು ಪರಗಣೆಯ ಮುಖ್ಯಸ್ಥಳವಾಗಿದ್ದಿತು. ೧೭೬೧ರಲ್ಲಿ ಬಸಾಲತ್ ಜಂಗನು ಮುತ್ತಿಗೆ ಹಾಕಿದುದು ಇದೇ ಹೊಸಕೋಟೆಗೆ. ಹೈದರಾಲಿಗೆ ಶಿರಾದ ನವಾಬಗಿರಿಯು ಅವನಿಂದ ದೊರೆತುದೂ ಆ ಸಂದರ್ಭದಲ್ಲಿಯೇ. ಟಿಪ್ಪುವು ಹುಟ್ಟಿದ ದೇವನಹಳ್ಳಿಯು ನೆರೆಯ ತಾಲ್ಲೂಕು.

ಮಾತುಗಳು ಉಳಿದುವು, ಅವನ್ನು ಮೊದಲು ಬರೆದ ಲಿಪಿಯು ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಅಪರಿಚಿತವಾಯಿತು. ಈ ಲಿಪಿಯನ್ನೂ ಅದರ ಲೇಖನಕಲೆಯನ್ನೂ ಎಲ್ಲರ ಮಕ್ಕಳಿಗೂ ಪಾಠಶಾಲೆಗಳಲ್ಲಿ ಕಲಿಸಬಹುದೇ ಎಂಬ ಪ್ರಶ್ನೆಯು ಕೆಲವು ವರ್ಷಗಳ ಹಿಂದೆ ಬಹುಜನಾಂಗಗಳ ಒಂದು ದೇಶದಲ್ಲಿ ದೊಡ್ಡ ಕಲಹಕ್ಕೆ ಕಾರಣವಾಯಿತು. ಆ ಪ್ರಶ್ನೆಯನ್ನು ನಮ್ಮ ನಾಡಿನ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಲಿಪಿಯೊಂದು ಜನರಲ್ಲಿ ಭೀತಿಯನ್ನು ಹುಟ್ಟಿಸುವುದು ತನ್ನ ಆಕಾರದಿಂದಲೋ, ತಾನು ಕುಳಿತ ಪೀಠದಿಂದಲೋ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

೨

ಮೊದಲು ಈ ಲಿಪಿಯು ಕಲೆಯಾಗಿ ನಮ್ಮ ನಾಡಿನಲ್ಲಿ ಬಾಳಿದ ರೀತಿಯನ್ನು ನೋಡೋಣ. ಅರಬ್ಬೀ ಅಕ್ಷರಗಳನ್ನು ಬರೆಯುವವನು ಜೊಂಡಿನ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿಕೊಳ್ಳುತ್ತಾನೆ. ಆ ತುದಿಯನ್ನು ಕಾಗದದ ಮೇಲೆ ಊರಿದರೆ ಮೂಡುವ ಚೌಕದ ಚುಕ್ಕೆಯೇ ಅವನ ಅಳತೆಗೋಲು. ಪ್ರತಿಯೊಂದು ಅಕ್ಷರದ ಎತ್ತರ, ಅಗಲ, ಬಾಗು ಇಷ್ಟು ಚುಕ್ಕೆಗಳೆಂದು ಗುರುವು ಶಿಷ್ಯನಿಗೆ ಗೊತ್ತುಮಾಡಿ ತೋರಿಸುತ್ತಾನೆ. ಶಾಸನಗಳಿಗೆ ಒಪ್ಪುವ ಗಂಭೀರವಾದ ಸುಲ್ಸ್, ಗ್ರಂಥಗಳಿಗೆ ಒಪ್ಪುವ ನಸ್ಖ್, ಫಾರ್ಸಿಗೂ ಉರ್ದುವಿಗೂ ರೂಢಿಯಾದ ಇಳಿಜಾರಿನ ನಸ್ತಾಲಿಖ್ ಎಂದು ಶೈಲಿಗಳು ಹಲವಿವೆ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ನಮ್ಮ ಲಿಪಿಕಾರರ ಶ್ರಮಕ್ಕೂ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದ ಶಾನುಭೋಗರ ಶ್ರಮಕ್ಕೂ ಇದು ಸಮಾನವಾದ ವಿದ್ಯೆಯೆಂದರೆ ತಪ್ಪಾಗಲಾರದು.

ಈ ವಿದ್ಯೆಯ ಉತ್ತಮವಾದ ಮಾದರಿಗಳನ್ನು ನೋಡಲು ನಾವು ಪರದೇಶಕ್ಕೆ ಹೋಗಬೇಕಾದುದಿಲ್ಲ. ಬೀದರದಲ್ಲಿ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸದ ಮುಂಭಾಗದಲ್ಲಿ ಬಣ್ಣದ ಹೆಂಚುಗಳಲ್ಲಿ ಮೂಡಿಸಿದ ಅಕ್ಷರಪಂಕ್ತಿಗಳ ಭಾಗಗಳು ಇಂದಿಗೂ ಉಳಿದಿವೆ. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಗೋಡೆಗಳೂ ಕಿಟಕಿಗಳೂ ಕಲ್ಲಿನಲ್ಲಿ ಕೊರೆದ ಅಕ್ಷರಗಳಿಂದ ತುಂಬಿವೆ. ಗೋಳಗುಮ್ಮಟದ ದಕ್ಷಿಣದ ಬಾಗಿಲ ಮೇಲೆ ಮಹಮ್ಮದ್ ಆದಿಲ್‌ಷಾಹನು ತೀರಿಕೊಂಡ ೧೬೫೬ನೆಯ ಇಸವಿಗೆ ಸರಿಹೊಂದುವ ಹಿಜರಿ ವರ್ಷವನ್ನು ಅಕ್ಷರಸಂಖ್ಯೆಯಿಂದ ಸೂಚಿಸುವ ಮೂರು ಫಾರ್ಸಿ ವಾಕ್ಯಗಳಿವೆ. ಇದು ನಮ್ಮ ಶಾಸನಕವಿಗಳು ಶಕವರ್ಷವನ್ನು ಪದಗಳಿಂದ ಸೂಚಿಸುತ್ತಿದ್ದ ಚಮತ್ಕಾರವನ್ನು ನೆನಪಿಗೆ ತರುವುದು. ಎರಡನೆಯ ಇಬ್ರಾಹಿಂ ಆದಿಲ್‌ಷಾಹನ ಆಸ್ಥಾನದಲ್ಲಿ ಖಲೀಲುಲ್ಲಾ ಎಂಬ ಲಿಪಿಕಾರನಿಗೆ ‘ಲೇಖನಿಯ ಅರಸು’ ಎಂಬ ಅರ್ಥದ ಬಿರುದು ದೊರೆತಿತ್ತು. ಅರಸನೇ ರಚಿಸಿದ ‘ಕಿತಾಬ್-ಎ-ನೌರಸ್’ ಎಂಬ ಹಾಡುಗಳ ಗ್ರಂಥವನ್ನು ಈತನು ಪ್ರತಿಮಾಡಿದನು. ಆ ಗ್ರಂಥದಲ್ಲಿ ಸರಸ್ವತಿಯ ಸ್ತುತಿಯೂ ಗಣಪತಿಯ ಸ್ತುತಿಯೂ ಇವೆ. ಅರಬ್ಬೀ ಮೂಲದ ಲಿಪಿಯಲ್ಲಿ, ದಖ್ಖನಿಯ ಭಾಷೆಯಲ್ಲಿ, ಸರಸ್ವತಿಯ ಹೆಸರನ್ನು ಕುಶಲನಾದ ಲಿಪಿಕಾರನು ಕನ್ನಡ ನೆಲದಲ್ಲಿ ಬರೆದನೆಂಬುದು ಗಮನಾರ್ಹವಾದುದು.

ಈ ಲಿಪಿಯು ಕುರಾನಿನ ಲಿಪಿಯಾಗಿ ಮುಸಲ್ಮಾನರಿಗೆ ಪೂಜ್ಯವಾದುದು, ಅದರ ಸೌಂದರ್ಯವನ್ನು ಬೆಳೆಸಿದುದು ಬಹುಮಟ್ಟಿಗೆ ಆ ಭಕ್ತಿಯೇ ಎಂಬುದನ್ನು ಮರೆಮಾಚುವುದು ಸಲ್ಲದು. ಆದರೆ ಇದೇ ಅಕ್ಷರಗಳಲ್ಲಿ ಹೊಲದ ಲೆಕ್ಕ, ಮನೆಯ ಕ್ರಯಪತ್ರ, ಕಾವ್ಯ, ವೈದ್ಯ, ಸಂಗೀತ ಎಲ್ಲವೂ ಬರೆಯಲ್ಪಟ್ಟುವೆಂಬುದೂ ಅಷ್ಟೇ ನಿಜ.

೩

ಲಿಪಿಯು ಗೋಡೆಯ ಮೇಲಿದ್ದಾಗ ಕಾಣದ ಮುಖವೊಂದು, ಅದು ಕಚೇರಿಯ ಗದ್ದಿಗೆಯ ಮೇಲೆ ಕುಳಿತಾಗ ಕಾಣುತ್ತದೆ. ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್‌ಷಾಹನು ೧೫೩೫ರ ಸುಮಾರಿಗೆ ಪಟ್ಟಕ್ಕೆ ಬಂದು, ಅದುವರೆಗೆ ಫಾರ್ಸಿಯಲ್ಲಿದ್ದ ಸರಕಾರಿ ಲೆಕ್ಕಪತ್ರಗಳನ್ನು ದೇಶಭಾಷೆಗೆ ತಿರುಗಿಸಿದನೆಂದೂ, ಅವುಗಳ ಆಡಳಿತವು ಬ್ರಾಹ್ಮಣ ಲೆಕ್ಕಿಗರ ಕೈಗೆ ಬಂದಿತೆಂದೂ ಫಿರಿಸ್ತಾ ಎಂಬ ಇತಿಹಾಸಕಾರನು ಬರೆದಿದ್ದಾನೆ. ಆ ಕಾಲದಲ್ಲಿ ಆಸ್ಥಾನದೊಳಗೆ ಪರದೇಶದಿಂದ ಬಂದವರಿಗೂ ದಖ್ಖನಿಗರಿಗೂ ತೀವ್ರವಾದ ಸ್ಪರ್ಧೆಯಿದ್ದಿತು. ಲೆಕ್ಕದ ಭಾಷೆ ಬದಲಾದೊಡನೆ ಉದ್ಯೋಗವು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಸರಿಯಿತು. ಅರಸನು ಮುಸಲ್ಮಾನನೇ, ಗೋಡೆಯ ಮೇಲಿನ ಲಿಪಿಯು ಹಿಂದಿನದೇ; ಆದರೆ ಅನ್ನ ಕೊಡುವ ಲಿಪಿಯು ಬೇರೆಯಾಯಿತು. ಇದು ಮತದ ವಿಷಯವಲ್ಲ, ಅಧಿಕಾರದ ವಿಷಯ.

ಮೈಸೂರಿನಲ್ಲಿ ಇದರ ವಿರುದ್ಧವಾದ ಚಲನೆಯು ಕಂಡುಬರುವುದು. ಹೈದರನು ಓದುಬರಹವನ್ನು ಅಭ್ಯಾಸಮಾಡಿದವನಲ್ಲ. ಅವನ ಚಿನ್ನದ ಹೊನ್ನಿನ ಒಂದು ಮುಖದಲ್ಲಿ ಶಿವಪಾರ್ವತಿಯರ ಮೂರ್ತಿಯೂ ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲನೆಯ ಫಾರ್ಸಿ ಅಕ್ಷರವೂ ಇರುವುವು. ಜನರು ಆ ನಾಣ್ಯವನ್ನು ಸಂಶಯವಿಲ್ಲದೆ ಕೈಯಿಂದ ಕೈಗೆ ದಾಟಿಸಿದರು. ಟಿಪ್ಪುವಿನ ಕಾಲದಲ್ಲಿ ಕಂದಾಯದ ಲೆಕ್ಕಗಳಲ್ಲಿ ಫಾರ್ಸಿಗೆ ಪ್ರಾಧಾನ್ಯವು ದೊರೆಯಿತೆಂದು ಇತಿಹಾಸಕಾರರು ಬರೆದಿರುವರು. ಹಾಗಾದಾಗ ತಲೆಮಾರುಗಳಿಂದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಲೆಕ್ಕ ಬರೆಯುತ್ತಿದ್ದವರಿಗೆ ಹೊಸ ಲಿಪಿಯನ್ನು ಬಲ್ಲವರ ಸಹಾಯವು ಬೇಕಾಗುವುದು ಸಹಜವೇ. ಆದರೂ ಕನ್ನಡವು ಆ ಅರಮನೆಯಿಂದ ಹೊರಟುಹೋಗಲಿಲ್ಲ. ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಶೃಂಗೇರಿಯ ಮಠದಲ್ಲಿ ಬೆಳಕಿಗೆ ತಂದ ಟಿಪ್ಪುವಿನ ನಿರೂಪಗಳು ಕನ್ನಡದವು. ೧೭೯೯ರ ಬಳಿಕ ಪೂರ್ಣಯ್ಯನವರ ಆಡಳಿತದಲ್ಲಿ ಕನ್ನಡ, ಮರಾಠಿ ಲೆಕ್ಕಗಳು ಮತ್ತೆ ಮುಂದೆ ಬಂದುವು. ಕಂಪನಿಯ ನ್ಯಾಯಸ್ಥಾನಗಳಲ್ಲಿ ಫಾರ್ಸಿಯನ್ನು ತೆಗೆದು ದೇಶಭಾಷೆಗಳಿಗೆ ದಾರಿಮಾಡಿದುದು ೧೮೩೭ರಲ್ಲಿ. ೧೮೬೮ರಲ್ಲಿ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಪಾಠಶಾಲೆಯೆಂಬ ಯೋಜನೆಯನ್ನು ಮೈಸೂರು ಸೀಮೆಯಲ್ಲಿ ಪ್ರಾರಂಭಿಸಿದಾಗ ಹಳ್ಳಿಯ ಹುಡುಗನ ಹಲಗೆಯ ಮೇಲೆ ಕನ್ನಡವು ನಿಂತಿತು. ಮುಸಲ್ಮಾನ ಮಕ್ಕಳಿಗಾಗಿ ಹಿಂದೂಸ್ಥಾನಿ ಶಾಲೆಗಳು ಬೇರೆಯಾಗಿ ನಡೆದುವು.

ಈ ಏರ್ಪಾಡಿನಿಂದ ನ್ಯಾಯವಾದ ಒಂದು ಲಾಭವೂ, ಯಾರೂ ಎಣಿಸದ ಒಂದು ನಷ್ಟವೂ ಆದುವು. ಪ್ರಜೆಯ ಭಾಷೆಯು ಪ್ರಜೆಯ ಶಾಲೆಗೆ ಬಂದುದು ಲಾಭ. ಒಂದೇ ಊರಿನ ಮಕ್ಕಳು ಎರಡು ಲಿಪಿಗಳ ಎರಡು ಮನೆಗಳಲ್ಲಿ ಬೆಳೆದು, ಒಬ್ಬರ ಬರಹವು ಇನ್ನೊಬ್ಬರಿಗೆ ಬರಿಯ ಗೆರೆಗಳಾಗಿ ತೋರತೊಡಗಿದುದು ನಷ್ಟ.

೪

ಮೇಲೆ ಸೂಚಿಸಿದ ಕಲಹವು ನಡೆದುದು ಮಲೇಷ್ಯಾದಲ್ಲಿ. ಮಲಯ ಭಾಷೆಯನ್ನು ಶತಮಾನಗಳ ಕಾಲ ‘ಜಾವಿ’ ಎಂಬ ಲಿಪಿಯಲ್ಲಿ ಬರೆಯುತ್ತಿದ್ದರು. ಅರಬ್ಬೀ ಅಕ್ಷರಗಳಿಗೆ ಮಲಯದ ಧ್ವನಿಗಳಿಗಾಗಿ ಕೆಲವು ಅಕ್ಷರಗಳನ್ನು ಸೇರಿಸಿ ಮಾಡಿದುದೇ ಈ ಲಿಪಿ. ತ್ರೆಂಗಾನು ಎಂಬಲ್ಲಿ ದೊರೆತ, ೧೩೦೩ನೆಯ ಇಸವಿಯದೆಂದು ಸಾಮಾನ್ಯವಾಗಿ ಎಣಿಸಲ್ಪಡುವ ಶಿಲಾಶಾಸನವು ಅದರ ಪ್ರಾಚೀನತೆಗೆ ಸಾಕ್ಷಿ. ೧೯೬೩ರ ರಾಷ್ಟ್ರಭಾಷಾ ಕಾಯಿದೆಯು ರೋಮನ್ ಲಿಪಿಯನ್ನು ರಾಷ್ಟ್ರಭಾಷೆಯ ಲಿಪಿಯೆಂದು ಗೊತ್ತುಮಾಡಿ, ಜಾವಿಯ ಬಳಕೆಗೆ ಅಡ್ಡಿಯಿಲ್ಲವೆಂದು ಸೇರಿಸಿತು. ಆ ದೇಶದಲ್ಲಿ ಮಲಯರ ಜೊತೆಗೆ ಚೀನೀಯರೂ ತಮಿಳರೂ ಬಹುಸಂಖ್ಯೆಯಲ್ಲಿರುವರು. ಚೀನೀ ಮಾಧ್ಯಮದ ಮತ್ತು ತಮಿಳು ಮಾಧ್ಯಮದ ಪ್ರಾಥಮಿಕ ಶಾಲೆಗಳು ಸರಕಾರದ ಸಹಾಯದಿಂದ ನಡೆಯುತ್ತವೆ.

೨೦೧೯ರ ಜುಲೈ ತಿಂಗಳಲ್ಲಿ ಹೊರಬಿದ್ದ ಸುದ್ದಿಯೇನೆಂದರೆ, ಮುಂದಿನ ವರ್ಷದಿಂದ ನಾಲ್ಕನೆಯ ತರಗತಿಯ ಮಲಯ ಭಾಷೆಯ ಪಠ್ಯಪುಸ್ತಕದಲ್ಲಿ ‘ಖತ್’ ಎಂಬ ಅರಬ್ಬೀ ಲೇಖನಕಲೆಯ ಪರಿಚಯವಿರುವುದು, ಇದು ಚೀನೀ ತಮಿಳು ಶಾಲೆಗಳಿಗೂ ಅನ್ವಯಿಸುವುದು ಎಂಬುದು. ಪಾಠವು ಆರು ಪುಟಗಳದು, ಪರೀಕ್ಷೆಯಲ್ಲಿ ಅಂಕವಿಲ್ಲ. ಆದರೂ ವಿರೋಧವು ತೀವ್ರವಾಯಿತು. ಚೀನೀ ಶಾಲೆಗಳ ಪರವಾದ ‘ದೋಂಗ್ ಜ್ಯಾವ್ ಜೋಂಗ್’ ಎಂಬ ಸಂಘಟನೆಯು ಮುಂದೆ ನಿಂತಿತು. ತಮಿಳು ಶಾಲೆಗಳ ಪರವಾದವರೂ ಆಕ್ಷೇಪಿಸಿದರು. ತಮ್ಮನ್ನು ಕೇಳದೆ ಗೊತ್ತುಮಾಡಿದರೆಂದೂ, ಮತವೊಂದರ ಪ್ರಭಾವವು ಪಾಠದ ಮೂಲಕ ಬರುವುದೆಂದೂ ಅವರ ವಾದ. ದೇಶದ ಪರಂಪರೆಯ ಲಿಪಿಯನ್ನು ದೇಶದ ಮಕ್ಕಳು ಕಂಡರೆ ದೋಷವೇನೆಂಬುದು ಎದುರುವಾದ. ೨೦೧೯ರ ಆಗಸ್ಟ್ ತಿಂಗಳಲ್ಲಿ ಮಂತ್ರಿಮಂಡಲವು ಆರು ಪುಟಗಳನ್ನು ಮೂರಕ್ಕಿಳಿಸಿ, ಪಾಠದ ಹೆಸರನ್ನು ಖತ್ ಬದಲಿಗೆ ಜಾವಿಯೆಂದು ಮಾಡಿ, ಚೀನೀ ತಮಿಳು ಶಾಲೆಗಳಲ್ಲಿ ತಾಯಿತಂದೆಗಳೂ ವಿದ್ಯಾರ್ಥಿಗಳೂ ಒಪ್ಪಿದರೆ ಮಾತ್ರ ಕಲಿಸುವುದೆಂದು ತೀರ್ಮಾನಿಸಿತು. ಇದರಿಂದಲೂ ವಿವಾದವು ಪೂರ್ಣವಾಗಿ ಆರಲಿಲ್ಲ.

ಇಷ್ಟು ದೊಡ್ಡ ಜಗಳವು ಮೂರು ಪುಟಗಳಿಗಾಗಿಯೇ ಎಂದು ನಗುವವರಿರಬಹುದು. ಆದರೆ ಅದೇ ದೇಶದಲ್ಲಿ ಜಾವಿಯ ಅಕ್ಷರಗಳು ನೋಟುಗಳ ಮೇಲಿವೆ. ಚೀನೀಯರೂ ತಮಿಳರೂ ಅವನ್ನು ಪ್ರತಿದಿನ ಎಣಿಸುತ್ತಾರೆ. ನೋಟಿನ ಮೇಲಿನ ಅಕ್ಷರವು ಯಾರಿಗೂ ಭಯವನ್ನು ತರಲಿಲ್ಲ, ಪಠ್ಯಪುಸ್ತಕದ ಅಕ್ಷರವು ತಂದಿತು. ಹೈದರನ ಹೊನ್ನಿಗೂ ಫಾರ್ಸಿಯ ಲೆಕ್ಕಕ್ಕೂ ಇದ್ದ ಅಂತರವೇ ಇದು. ಬಹುಸಂಖ್ಯಾತರ ಕೈಯಲ್ಲಿರುವ ಸರಕಾರವು ಅಲ್ಪಸಂಖ್ಯಾತರ ಮಗುವಿನ ಕೈಹಿಡಿದು ಬರೆಯಿಸಹೊರಟಾಗ, ಆ ಮಗುವಿನ ತಾಯಿಗೆ ಕಾಣುವುದು ಅಕ್ಷರದ ಬಾಗಲ್ಲ, ಹಿಡಿದ ಕೈ.

೫

ಕನ್ನಡಿಗರು ಈ ಪ್ರಶ್ನೆಯ ಎರಡು ಮಗ್ಗುಲುಗಳನ್ನೂ ಅನುಭವಿಸಿದವರು. ಮಲೇಷ್ಯಾದಲ್ಲಿ ಅರಬ್ಬೀ ಅಕ್ಷರವು ಬಹುಸಂಖ್ಯಾತರ ಪಕ್ಷದಲ್ಲಿರುವುದು. ಕರ್ನಾಟಕದಲ್ಲಿ ಇಂದು ಅದು ಅಲ್ಪಸಂಖ್ಯಾತರ ಪಕ್ಷದಲ್ಲಿರುವುದು. ಆದುದರಿಂದ ಇಲ್ಲಿ ಕಡ್ಡಾಯದ ಪ್ರಶ್ನೆಯು ಕನ್ನಡದ ಸಂಬಂಧವಾಗಿ ಎದ್ದಿತು. ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯು ೧೯೮೧ರಲ್ಲಿ ಒಪ್ಪಿಸಿದ ವರದಿಯು ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದಿತು. ೧೯೮೨ರ ಚಳವಳಿಯಲ್ಲಿ ಸಾಹಿತಿಗಳೂ ನಟ ರಾಜಕುಮಾರರೂ ಜನಸಾಮಾನ್ಯರೂ ಒಂದಾದರು. ನಾಡಿನ ಭಾಷೆಗೆ ನಾಡಿನ ಶಾಲೆಯಲ್ಲಿಯೇ ಮೊದಲ ಸ್ಥಾನವಿಲ್ಲದಿದ್ದುದು ನಿಜವಾದ ದುಃಖವಾಗಿದ್ದಿತು. ಆದರೆ ಉರ್ದು ಮೊದಲಾದ ಭಾಷೆಗಳನ್ನಾಡುವವರು ತಮ್ಮ ಮಕ್ಕಳ ಗತಿಯೇನೆಂದು ಕೇಳಿದುದೂ ನಿಜವಾದ ಆತಂಕವೇ. ೧೯೮೯ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಭಾಷಾ ಅಲ್ಪಸಂಖ್ಯಾತರ ಮೇಲೆ ಅಂತಹ ಕಡ್ಡಾಯವು ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು ಅಭಿಪ್ರಾಯಪಟ್ಟಿತು. ೧೯೯೪ರ ಅಕ್ಟೋಬರಿನಲ್ಲಿ ದೂರದರ್ಶನದ ಬೆಂಗಳೂರು ಕೇಂದ್ರದಿಂದ ಹತ್ತು ನಿಮಿಷಗಳ ಉರ್ದು ವಾರ್ತೆಯು ಪ್ರಾರಂಭವಾದುದನ್ನು ನಿಮಿತ್ತಮಾಡಿಕೊಂಡು ನಡೆದ ಗಲಭೆಯಲ್ಲಿ ೨೦ಕ್ಕೂ ಹೆಚ್ಚು ಜನರು ಪ್ರಾಣಬಿಟ್ಟರು. ಭಾಷೆಯ ವಾದವು ವಿವೇಕವನ್ನು ತೊರೆದರೆ ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಬೇರೆ ಉದಾಹರಣೆಯು ಬೇಕಾಗಿಲ್ಲ.

ಕಾಸರಗೋಡಿನಲ್ಲಿ ಕನ್ನಡಿಗರ ಸ್ಥಾನವು ಇದಕ್ಕೆ ವಿಪರೀತವಾದುದು. ೨೦೧೭ರಲ್ಲಿ ಕೇರಳವು ಎಲ್ಲ ಶಾಲೆಗಳಲ್ಲಿಯೂ ಮಲಯಾಳವನ್ನು ಕಡ್ಡಾಯಮಾಡುವ ಕಾನೂನನ್ನು ತಂದಾಗ ಅಲ್ಲಿಯ ಕನ್ನಡಿಗರು ಪ್ರತಿಭಟಿಸಿದರು. ಮಲಯಾಳವು ದ್ರಾವಿಡ ಸೋದರಿ. ಅದರ ಲಿಪಿಯಲ್ಲಿ ಪರಮತದ ಸೋಂಕಿದೆಯೆಂದು ಯಾರೂ ಹೇಳಲಿಲ್ಲ. ಆದರೂ ಭೀತಿಯು ಹುಟ್ಟಿತು. ಹೀಗೆ ಬೆಂಗಳೂರಿನಲ್ಲಿ ಬಲವುಳ್ಳ ಕನ್ನಡ ಅಕ್ಷರವು ಕಾಸರಗೋಡಿನಲ್ಲಿ ರಕ್ಷಣೆಯನ್ನು ಬೇಡುವುದು. ಕೌಲಾಲಂಪುರದಲ್ಲಿ ಬಲವುಳ್ಳ ಅರಬ್ಬೀ ಅಕ್ಷರವು ಬೆಂಗಳೂರಿನಲ್ಲಿ ಅದನ್ನೇ ಬೇಡುವುದು. ಲಿಪಿಗಳಲ್ಲಿ ಹುಟ್ಟುಗುಣದ ಸಾಧುವಾಗಲಿ ಹುಟ್ಟುಗುಣದ ದುಷ್ಟವಾಗಲಿ ಇಲ್ಲವೆಂಬುದು ಇದರಿಂದ ಸಿದ್ಧವಾಗುವುದು.

ಕಡ್ಡಾಯವಿಲ್ಲದೆ ನಡೆದುಕೊಂಡ ಒಂದು ನಿದರ್ಶನವೂ ನಮ್ಮಲ್ಲಿಯೇ ಇದೆ. ೨೦೦೭ರ ಸುಮಾರಿಗೆ ಕೊಂಕಣಿಯು ಕರ್ನಾಟಕದ ಶಾಲೆಗಳಲ್ಲಿ ಮೂರನೆಯ ಭಾಷೆಯಾಗಿ ಬಂದಾಗ, ಕನ್ನಡ ಲಿಪಿಯೋ ನಾಗರಿಯೋ ಎಂಬ ಚರ್ಚೆಯು ಎದ್ದಿತು. ಎರಡರಲ್ಲಿ ಬೇಕಾದುದನ್ನು ಆರಿಸಿಕೊಳ್ಳಲು ಅವಕಾಶವನ್ನು ಕೊಟ್ಟುದರಿಂದ ಕಲಿಕೆಯು ನಿಲ್ಲದೆ ಸಾಗಿತು. ನಮ್ಮ ಪ್ರೌಢಶಾಲೆಗಳ ಮೂರನೆಯ ಭಾಷೆಗಳ ಪಟ್ಟಿಯಲ್ಲಿ ಅರಬ್ಬಿಯೂ ಫಾರ್ಸಿಯೂ ಐಚ್ಛಿಕವಾಗಿ ಸ್ಥಾನ ಪಡೆದಿದ್ದು, ಅದರಿಂದ ಯಾರಿಗೂ ಬಾಧೆಯಾದುದು ಕಂಡುಬಂದಿಲ್ಲ.

೬

ಇಂತಿರಲು, ಈ ಲಿಪಿಯನ್ನು ಬೇಕಾದವರು ಕಲಿಯಲಿ, ಉಳಿದವರಿಗೆ ಅದರಿಂದೇನು ಎಂದು ಕೈತೊಳೆದುಕೊಳ್ಳಬಹುದೇ? ಇತಿಹಾಸವನ್ನು ಅಭ್ಯಸಿಸುವವರಿಗೆ ಅದು ಸಾಧ್ಯವಿಲ್ಲ. ಶ್ರೀರಂಗಪಟ್ಟಣವು ಬಿದ್ದ ಬಳಿಕ ಟಿಪ್ಪುವಿನ ಗ್ರಂಥಭಂಡಾರವು ಆಂಗ್ಲರ ವಶವಾಯಿತು. ಸುಮಾರು ೨೦೦೦ ಗ್ರಂಥಗಳಿದ್ದ ಆ ಭಂಡಾರದ ವಿವರಣಾತ್ಮಕ ಪಟ್ಟಿಯನ್ನು ಚಾರ್ಲ್ಸ್ ಸ್ಟುವರ್ಟನು ೧೮೦೯ರಲ್ಲಿ ಅಚ್ಚುಹಾಕಿಸಿದನು. ಟಿಪ್ಪುವಿನ ಫಾರ್ಸಿ ಪತ್ರಗಳಲ್ಲಿ ಆರಿಸಿದವನ್ನು ಕರ್ಕ್‌ಪ್ಯಾಟ್ರಿಕನು ೧೮೧೧ರಲ್ಲಿ ಇಂಗ್ಲಿಷಿಗೆ ತಿರುಗಿಸಿದನು. ಕಿರ್ಮಾನಿಯು ಫಾರ್ಸಿಯಲ್ಲಿ ಬರೆದ ಹೈದರನ ಚರಿತ್ರೆಯನ್ನು ಮೈಲ್ಸನು ೧೮೪೨ರಲ್ಲಿ ಭಾಷಾಂತರಿಸಿದನು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಬಹುಮಟ್ಟಿಗೆ ಆಧರಿಸುವುದು ಅವನನ್ನು ಯುದ್ಧದಲ್ಲಿ ಸೋಲಿಸಿದವರು ಮಾಡಿದ ಈ ಭಾಷಾಂತರಗಳನ್ನೇ. ಮೂಲವನ್ನು ಓದಬಲ್ಲ ಕನ್ನಡಿಗರು ವಿರಳರಾಗಿರುವವರೆಗೆ, ನಮ್ಮ ನಾಡಿನ ಒಂದು ಶತಮಾನದ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವನ್ನು ನಾವೇ ಪರರಿಗೆ ಬಿಟ್ಟುಕೊಟ್ಟಂತಾಗುವುದು.

ಮೋಡಿ ಲಿಪಿಯ ಪಾಡೂ ಇದೇ. ಮರಾಠಿ ಲೆಕ್ಕಗಳನ್ನು ಬರೆದ ಆ ಲಿಪಿಯನ್ನು ಬಲ್ಲವರೂ ಬರಬರುತ್ತ ಕಡಮೆಯಾದರು. ನಂದಿನಾಗರಿಯ ತಾಮ್ರಶಾಸನಗಳನ್ನೂ ಗ್ರಂಥಾಕ್ಷರದ ಓಲೆಗಳನ್ನೂ ಓದುವವರು ಎಷ್ಟು ಮಂದಿ? ೧೯೦೫ರಲ್ಲಿ ರೈಸ್ ಅವರು ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಹೊಸಕೋಟೆ ತಾಲ್ಲೂಕಿನ ಕನ್ನಡ ಶಾಸನಗಳ ಜೊತೆಯಲ್ಲಿ ಚೋಳರ ಕಾಲದ ಆಳ್ವಿಕೆಯು ಬಿಟ್ಟುಹೋದ ತಮಿಳು ಶಾಸನಗಳೂ ಇರುವುವು. ಈ ಸೀಮೆಯ ನೆಲವು ಎಂದೂ ಒಂದೇ ಲಿಪಿಯದಾಗಿರಲಿಲ್ಲ. ತುರ್ಕಿಯು ೧೯೨೮ರಲ್ಲಿ ಅರಬ್ಬೀ ಲಿಪಿಯನ್ನು ಬಿಟ್ಟು ರೋಮನ್ ಲಿಪಿಯನ್ನು ಸ್ವೀಕರಿಸಿತು. ಅದರಿಂದ ಸಾಕ್ಷರತೆಯು ಹರಡಿದುದೂ ನಿಜ, ಅಜ್ಜನು ಬರೆದ ಕಾಗದವನ್ನು ಮೊಮ್ಮಗನು ಓದಲಾರದೆ ಹೋದುದೂ ನಿಜ. ನಾವು ಯಾವ ಶಾಸನವನ್ನೂ ಮಾಡದೆಯೇ ಆ ಸ್ಥಿತಿಗೆ ಬಂದಿರುವೆವು.

ಆದುದರಿಂದ ಪ್ರಕೃತ ಸೂಚಿಸತಕ್ಕುದಿಷ್ಟೆ. ಅರಬ್ಬೀ ಲೇಖನಕಲೆಯೊಂದನ್ನೇ ಪ್ರತ್ಯೇಕವಾಗಿ ತಂದು ಎಲ್ಲ ಮಕ್ಕಳ ಮುಂದಿಡುವುದು ವಿಹಿತವಲ್ಲ. ಅದು ಮಲೇಷ್ಯಾದ ತಪ್ಪನ್ನು ತಿರುಗಿ ಮಾಡಿದಂತಾಗುವುದು. ಅದನ್ನು ಮತದ ಗುರುತೆಂದು ದೂರವಿಡುವುದೂ ನಮ್ಮ ಚರಿತ್ರೆಗೆ ನಾವೇ ಬಗೆಯುವ ದ್ರೋಹ. ಪ್ರೌಢಶಾಲೆಗಳಲ್ಲಿ ಇತಿಹಾಸದ ಪಾಠದ ಅಂಗವಾಗಿ, ಆಯಾ ಸೀಮೆಯಲ್ಲಿ ಬಳಕೆಯಲ್ಲಿದ್ದ ಲಿಪಿಗಳ ಪರಿಚಯವನ್ನು, ಅಂಕಗಳ ಹಂಗಿಲ್ಲದೆ, ಒಪ್ಪಿದ ಮಕ್ಕಳಿಗೆ ಮಾಡಿಕೊಡಬಹುದು. ಹಳಗನ್ನಡದ ಶಾಸನಾಕ್ಷರ, ತಮಿಳು, ನಂದಿನಾಗರಿ, ಮೋಡಿ, ಫಾರ್ಸಿ ಇವು ಒಂದೇ ಪಂಕ್ತಿಯಲ್ಲಿ ಕುಳಿತರೆ ಯಾವುದೂ ಅಧಿಪತಿಯಾಗಿ ತೋರದು. ಉರ್ದು ಶಾಲೆಯಲ್ಲಿ ನಸ್ತಾಲಿಖ್ ಕಲಿತ ಹುಡುಗನು ಕನ್ನಡ ಶಾಲೆಯ ಹುಡುಗನಿಗೆ ಅಕ್ಷರವನ್ನು ತೋರಿಸಲಿ, ಅವನಿಂದ ವೀರಗಲ್ಲಿನ ಸಾಲನ್ನು ಓದುವುದನ್ನು ಕಲಿಯಲಿ. ಮೊದಲು ತಾಯಿತಂದೆಗಳನ್ನು ಕೇಳುವುದು, ಬಳಿಕ ಪುಸ್ತಕವನ್ನು ಅಚ್ಚುಹಾಕಿಸುವುದು, ಈ ಕ್ರಮವು ತಪ್ಪಬಾರದು.

ಸೂಲಿಬೆಲೆಯ ರೈತನ ಮಗನು ಪಹಣಿಯಲ್ಲಿ ‘ಖುಷ್ಕಿ’ ಎಂಬ ಮಾತನ್ನು ಕಂಡು, ಅದಕ್ಕೆ ಫಾರ್ಸಿಯಲ್ಲಿ ಒಣಗಿದುದೆಂದು ಅರ್ಥವೆಂದೂ, ಅದನ್ನು ಹೊಸಕೋಟೆ ಪರಗಣೆಯ ಲೆಕ್ಕಿಗನು ಬಲಗಡೆಯಿಂದ ಎಡಕ್ಕೆ ಹೀಗೆ ಬರೆದಿರಬೇಕೆಂದೂ ತಿಳಿದರೆ, ಅವನ ಕನ್ನಡಕ್ಕೆ ಕುಂದು ಬರುವುದಿಲ್ಲ. ತನ್ನ ಹೊಲದ ಚರಿತ್ರೆಯಲ್ಲಿ ಅವನಿಗೆ ತಿಳಿಯದೆ ಉಳಿದಿದ್ದ ಒಂದು ಸಾಲು ತಿಳಿದಂತಾಗುವುದು.